ಲಿಫ್ಟ್ ಏಳುತ್ತಿಲ್ಲವೇ? ಟಾಪ್ ಕವರ್ ಬಿಚ್ಚಿಸುವ ಮೊದಲು ಇಷ್ಟು ನೋಡಿ

ಚಂದಗುಳಿ, ಯಲ್ಲಾಪುರ, ಶಿರಸಿ, ಸಿದ್ದಾಪುರ ಸುತ್ತಿನ ಹಳ್ಳಿಗಳಲ್ಲಿ ಟ್ರ್ಯಾಕ್ಟರ್ ಅಂದ್ರೆ ವರ್ಷದ ಬಹುಪಾಲು ಟ್ರೇಲರ್ ಎಳೆಯುವ ಗಾಡಿ. ತೋಟಕ್ಕೆ ಮಣ್ಣು, ಗೊಬ್ಬರ, ಸೊಪ್ಪು, ದರಕು. ಕೊಯ್ಲಿನಲ್ಲಿ ಅಡಿಕೆ ಗೊನೆ. ಹಿಂದಿನ ಹೈಡ್ರಾಲಿಕ್ ಲಿಫ್ಟಿಗೆ ಕೆಲಸ ಬರೋದು ಮಳೆ ಬಿದ್ದು ಗದ್ದೆ ಹೂಟಿ ಶುರುವಾದಾಗ. ತಿಂಗಳುಗಟ್ಟಲೆ ಸುಮ್ಮನಿದ್ದ ಲಿಫ್ಟು ರೋಟಾವೇಟರ್ ಕಟ್ಟಿದ ದಿನವೇ ಕೈ ಕೊಡುತ್ತದೆ. ಆ ಹೊತ್ತಿನಲ್ಲಿ ಮೆಕ್ಯಾನಿಕ್ಕಿಗೆ ಪುರುಸೊತ್ತಿರೋದಿಲ್ಲ, ಸ್ಪೇರ್ ಬೇಕಂದ್ರೆ ಹುಬ್ಬಳ್ಳಿ ದಾರಿ ಹಿಡಿಯಬೇಕು, ಗದ್ದೆಯ ಹದವಂತೂ ಕಾಯೋದಿಲ್ಲ. ಗಡಿಬಿಡಿಯಲ್ಲಿ ‘ಪಂಪೇ ಹೋಯ್ತು’ ಅಂತ ಹೊಸ ಪಂಪ್ ಹಾಕಿಸಿ, ಆಮೇಲೂ ಲಿಫ್ಟ್ ಏಳದಿದ್ದರೆ ದುಡ್ಡೂ ಹೋಯ್ತು, ದಿನವೂ ಹೋಯ್ತು.

ಇದನ್ನು ತಪ್ಪಿಸಲು ಎರಡೇ ಪ್ರಶ್ನೆ ಕೇಳಿಕೊಳ್ಳಿ. ಸಿಲಿಂಡರಿಗೆ ಎಣ್ಣೆ ಬರ್ತಾ ಇದೆಯೇ? ಬಂದ ಎಣ್ಣೆ ಅಲ್ಲಿ ನಿಲ್ತಾ ಇದೆಯೇ?

ಹಳೆಯ ಟ್ರ್ಯಾಕ್ಟರುಗಳ ಲಿಫ್ಟ್ ಕೆಲಸ ಮಾಡೋದು ಸರಳವಾಗಿ. ಪಂಪ್ ಎಣ್ಣೆ ಎಳೆದು ಒತ್ತಡ ಕೊಡುತ್ತದೆ, ವಾಲ್ವ್ ಅದನ್ನು ಸಿಲಿಂಡರಿಗೆ ಬಿಡುತ್ತದೆ, ಪಿಸ್ಟನ್ ದೂಡಿದಾಗ ತೋಳುಗಳು ಏಳುತ್ತವೆ. ಇಳಿಯಲು ಪಂಪಿನ ಬಲ ಬೇಡ. ವಾಲ್ವ್ ಎಣ್ಣೆ ಹೊರಬಿಟ್ಟರೆ ಉಪಕರಣ ತನ್ನ ಭಾರಕ್ಕೇ ಕೆಳಗೆ ಬರುತ್ತದೆ.

ಮೊದಲು ಜೀವ, ಆಮೇಲೆ ಲಿಫ್ಟು

ಎತ್ತಿ ನಿಲ್ಲಿಸಿದ ರೋಟಾವೇಟರ್ ಕೆಳಗೆ ಕೈಯಾಗಲಿ ತಲೆಯಾಗಲಿ ಒಡ್ಡಬೇಡಿ. ಅದನ್ನು ಹಿಡಿದಿರೋದು ಬರೀ ಎಣ್ಣೆ. ಹಳೇ ಸೀಲು ಯಾವ ಗಳಿಗೆಯಲ್ಲೂ ಬಿಡಬಹುದು. ಯಾರೋ ಲಿವರ್ ಮುಟ್ಟಿದರೂ ಸಾಕು. ಬ್ಲೇಡಿಗೆ ಸುತ್ತಿದ ಬಳ್ಳಿ ಬಿಡಿಸೋದಿದ್ದರೂ ಎಂಜಿನ್ ಬಂದ್ ಮಾಡಿ, ಗಟ್ಟಿ ಮರದ ದಿಮ್ಮಿ ಇಟ್ಟು, ಉಪಕರಣವನ್ನು ಅದರ ಮೇಲೆ ಕೂರಿಸಿಯೇ ಕೆಲಸ ಮಾಡಿ. ಒತ್ತಡದ ಪೈಪಿನಲ್ಲಿ ಸೋರಿಕೆ ಹುಡುಕಲು ಬೆರಳು ಆಡಿಸಬೇಡಿ, ರಟ್ಟಿನ ತುಂಡು ಹಿಡಿಯಿರಿ. ಸೂಜಿಯಂತೆ ಚಿಮ್ಮುವ ಎಣ್ಣೆ ಚರ್ಮದೊಳಗೆ ಹೊಕ್ಕರೆ ಗಾಯ ಸಣ್ಣದು ಕಂಡರೂ ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಖರ್ಚಿಲ್ಲದ ಪರೀಕ್ಷೆಗಳು

ಲಿವರ್ ನೋಡಿ. ಪೊಸಿಷನ್, ಡ್ರಾಫ್ಟ್ ಎಂದು ಎರಡು ಲಿವರ್ ಇರುವ ಹಲವು ಮಾದರಿಗಳಲ್ಲಿ ಡ್ರಾಫ್ಟ್ ಲಿವರನ್ನು ಪೂರ್ತಿ ಮೇಲಿಟ್ಟು, ಪೊಸಿಷನ್ ಲಿವರಿನಿಂದ ಎತ್ತಬೇಕು. ಡ್ರಾಫ್ಟ್ ಲಿವರ್ ಅರ್ಧದಲ್ಲಿದ್ದರೆ ಲಿಫ್ಟು ಕೆಟ್ಟಂತೆಯೇ ಕಾಣುತ್ತದೆ. ಟಿಪ್ಪರ್ ಟ್ರೇಲರಿಗೆ ಎಣ್ಣೆ ತಿರುಗಿಸುವ ನಾಬ್ ಇದ್ದರೆ ಅದನ್ನೂ ನೋಡಿ. ಬೇಸಿಗೆಯಲ್ಲಿ ಮಣ್ಣು ಹೊಡೆದ ಮೇಲೆ ನಾಬ್ ಟ್ರೇಲರ್ ಕಡೆಗೇ ಉಳಿದಿದ್ದರೆ ತೋಳಿಗೆ ಎಣ್ಣೆ ಹೋಗೋದೇ ಇಲ್ಲ. ಕ್ಲಚ್ ಮೂಲಕ ಪಂಪ್ ತಿರುಗುವ ಹಳೇ ಮಾದರಿಗಳಲ್ಲಿ ಕ್ಲಚ್ ಪೂರ್ತಿ ಒತ್ತಿದಾಗ ಲಿಫ್ಟ್ ನಿಲ್ಲೋದು ಸಹಜ, ಅದು ದೋಷವಲ್ಲ.

ಎಣ್ಣೆ ಅಳೆಯಿರಿ. ನಮ್ಮ ಕಡೆ ಅಂಗಳವೇ ಇಳಿಜಾರು. ಅಲ್ಲಿ ನಿಲ್ಲಿಸಿ ಡಿಪ್‌ಸ್ಟಿಕ್ ಎತ್ತಿದರೆ ಲೆಕ್ಕ ತಪ್ಪುತ್ತದೆ. ಸಮತಟ್ಟು ಜಾಗದಲ್ಲಿ ತೋಳು ಪೂರ್ತಿ ಇಳಿಸಿ, ಎಂಜಿನ್ ನಿಲ್ಲಿಸಿ, ಸ್ವಲ್ಪ ಹೊತ್ತು ಬಿಟ್ಟು ನೋಡಿ. ಹಲವು ಹಳೇ ಮಾದರಿಗಳಲ್ಲಿ ಗೇರ್‌ಬಾಕ್ಸಿಗೂ ಲಿಫ್ಟಿಗೂ ಒಂದೇ ಎಣ್ಣೆ. ಕೈಪಿಡಿಯಲ್ಲಿ ಹೇಳಿದ್ದನ್ನೇ ಹಾಕಿ, ಉಳಿದ ಎಂಜಿನ್ ಆಯಿಲ್ ಸುರಿಯಬೇಡಿ.

ಬಣ್ಣ ನೋಡಿ. ಎಣ್ಣೆ ಹಾಲು ಹಾಕಿದ ಚಹಾದಂತಿದ್ದರೆ ನೀರು ಸೇರಿದೆ. ಮಳೆಗಾಲದಲ್ಲಿ ಗೇರ್ ಲಿವರಿನ ಹರಿದ ರಬ್ಬರಿನಿಂದ, ಸಡಿಲಾದ ಮುಚ್ಚಳದಿಂದ ನೀರು ಇಳಿಯುತ್ತದೆ. ಹಾಗೇ ಓಡಿಸಿದರೆ ಪಂಪು, ಬೇರಿಂಗ್ ಎಲ್ಲಕ್ಕೂ ತುಕ್ಕು. ನೀರು ಬರುವ ದಾರಿ ಮುಚ್ಚಿ, ಎಣ್ಣೆ ಬದಲಿಸಿ, ಸ್ಟ್ರೈನರ್ ಅಥವಾ ಫಿಲ್ಟರ್ ತೆಗೆದು ನೋಡಿ. ಜಾಲರಿ ಇದ್ದರೆ ಡೀಸೆಲ್‌ನಲ್ಲಿ ತೊಳೆದು ಒಣಗಿಸಿ; ಕಾಗದದ ಫಿಲ್ಟರಾದರೆ ಹೊಸದೇ ಹಾಕಬೇಕು.

ಲಕ್ಷಣ ಏನು ಹೇಳುತ್ತದೆ?

ಏಳೋದೇ ಇಲ್ಲ, ಅಥವಾ ಬಹಳ ನಿಧಾನ: ಎಣ್ಣೆ ಬರ್ತಾ ಇಲ್ಲ. ಸ್ಟ್ರೈನರ್, ಸಕ್ಷನ್ ಪೈಪು, ರಿಲೀಫ್ ವಾಲ್ವ್, ಕೊನೆಗೆ ಪಂಪು. ಎಣ್ಣೆಯಲ್ಲಿ ನೊರೆ ಇದ್ದು ಪಂಪ್ ಕಿರ್ರೆಂದು ಕೂಗುತ್ತಿದ್ದರೆ ಸಕ್ಷನ್ ಕಡೆ ಗಾಳಿ ಎಳೆಯುತ್ತಿದೆ. ಅಲ್ಲಿ ಎಣ್ಣೆ ಹೊರಗೆ ಸೋರದೆ ಗಾಳಿ ಒಳಗೆ ಹೋಗುವುದರಿಂದ ಕಣ್ಣಿಗೆ ಕಾಣೋದಿಲ್ಲ. ಕ್ಲಿಪ್ಪು, ಓ-ರಿಂಗ್ ನೋಡಬೇಕು.

ಬೆಳಿಗ್ಗೆ ಸರಿ, ಬಿಸಿಯಾದ ಮೇಲೆ ಎತ್ತೋದಿಲ್ಲ: ಬಿಸಿಗೆ ತೆಳುವಾದ ಎಣ್ಣೆ ಸವೆದ ಜಾಗದಲ್ಲಿ ನುಸುಳುತ್ತಿದೆ. ಪಂಪಿನ ಮೇಲೆ ಅನುಮಾನ ಪಡಲು ಇದು ಸರಿಯಾದ ಕಾರಣ. ಆದರೂ ಪ್ರೆಶರ್ ಗೇಜ್ ಹಾಕಿ ಅಳೆದ ಮೇಲೆಯೇ ಪಂಪ್ ಬದಲಿಸಿ. ಗೇಜ್ ಇಲ್ಲದೆ ರಿಲೀಫ್ ವಾಲ್ವ್ ಬಿಗಿ ಮಾಡಿಸಬೇಡಿ. ಒತ್ತಡ ಮಿತಿ ಮೀರಿದರೆ ಪಂಪು, ಪೈಪು ಒಡೆಯುತ್ತವೆ.

ಚೆನ್ನಾಗಿ ಏಳುತ್ತದೆ, ಆದರೆ ನಿಲ್ಲೋದಿಲ್ಲ: ಎಣ್ಣೆ ಬರ್ತಿದೆ, ಉಳಿಯುತ್ತಿಲ್ಲ. ಇಲ್ಲಿ ಹೊಸ ಪಂಪ್ ಹಾಕಿದರೂ ಉಪಯೋಗವಿಲ್ಲ. ಉಪಕರಣ ಎತ್ತಿ, ಎಂಜಿನ್ ನಿಲ್ಲಿಸಿ, ದೂರ ನಿಂತು ನೋಡಿ. ಎರಡು ಮೂರು ನಿಮಿಷದಲ್ಲೇ ನೆಲ ಮುಟ್ಟಿದರೆ ಪಿಸ್ಟನ್ ಸೀಲು, ಓ-ರಿಂಗ್ ಅಥವಾ ವಾಲ್ವ್ ಸೋರುತ್ತಿದೆ. ಎಂಜಿನ್ ಓಡುವಾಗ ತೋಳು ತಲೆಯಾಡಿಸಿದಂತೆ ಇಳಿದು ಏಳುತ್ತಿದ್ದರೂ ಇದೇ ರೋಗ. ರಾತ್ರಿಯಿಡೀ ಬಿಟ್ಟಾಗ ನಿಧಾನಕ್ಕೆ ಇಳಿದರೆ ಹಳೇ ಗಾಡಿಗೆ ಅದು ದೊಡ್ಡ ದೋಷವಲ್ಲ.

ಇಳಿಯೋದೇ ಇಲ್ಲ: ಇಳಿಯುವ ವೇಗದ ನಾಬ್ ಪೂರ್ತಿ ಮುಚ್ಚಿದೆಯಾ ನೋಡಿ. ಸರಿಯಿದ್ದರೆ ವಾಲ್ವ್ ಸಿಕ್ಕಿಕೊಂಡಿರಬಹುದು.

ಟಾಪ್ ಕವರ್ ಬಿಚ್ಚಲೇಬೇಕಾದರೆ

ಕವರ್ ಭಾರದ್ದು, ಗದ್ದೆ ಬದಿಯಲ್ಲಿ, ಮಳೆಯಲ್ಲಿ ಬಿಚ್ಚುವ ಕೆಲಸವಲ್ಲ. ತೆರೆದ ಮೇಲೆ ಒಂದೇ ಸೀಲ್ ಬದಲಿಸದೆ ಪೂರ್ತಿ ಸೀಲ್ ಕಿಟ್ ಹಾಕಿಸಿ. ಸಿಲಿಂಡರ್ ಒಳಗೆ ಗೀರು ಬಿದ್ದಿದ್ದರೆ ಹೊಸ ಸೀಲೂ ಬಾಳೋದಿಲ್ಲ, ಅದನ್ನೂ ಪರೀಕ್ಷಿಸಲು ಹೇಳಿ. ಸ್ಪೇರ್ ತರಲು ಹೋಗುವಾಗ ಮಾದರಿ, ಚಾಸಿಸ್ ನಂಬರ್ ಬರೆದುಕೊಂಡು ಹಳೇ ಭಾಗವನ್ನೂ ಒಯ್ಯಿರಿ. ಎಚ್‌ಎಂಟಿ ಇರುವವರಿಗೆ ಇದು ಇನ್ನೂ ಮುಖ್ಯ. 1971ರಲ್ಲಿ ಪಿಂಜೋರ್‌ನಲ್ಲಿ ಜೆಟರ್ ತಂತ್ರಜ್ಞಾನದೊಂದಿಗೆ ಶುರುವಾದ ಆ ಟ್ರ್ಯಾಕ್ಟರ್ ವಿಭಾಗವನ್ನು ಮುಚ್ಚಲು ಕೇಂದ್ರ ಸರ್ಕಾರ 2016ರಲ್ಲಿ ತೀರ್ಮಾನಿಸಿತು. ಈಗ ಅಂಗಡಿಯಲ್ಲಿ ಸಿಗುವ ಭಾಗವನ್ನು ಹಳೆಯದರ ಜೊತೆ ಅಳತೆ ಹೋಲಿಸಿಯೇ ಕೊಳ್ಳಬೇಕು.

ಟ್ರೇಲರ್ ಕೆಲಸದ ತಿಂಗಳುಗಳಲ್ಲೂ ಆಗಾಗ ಟ್ರೇಲರ್ ಬಿಚ್ಚಿ, ಲಿಫ್ಟನ್ನು ಹತ್ತಾರು ಸಲ ಏರಿಸಿ ಇಳಿಸಿ. ಕೃತ್ತಿಕಾ ಮಳೆಯ ಹೊತ್ತಿಗೆ ರೋಟಾವೇಟರ್ ಕಟ್ಟಿ ಒಮ್ಮೆ ಎತ್ತಿ ನೋಡಿ. ದೋಷ ಆಗಲೇ ಕಂಡರೆ ಮೆಕ್ಯಾನಿಕ್ಕಿಗೆ ಫೋನ್ ಮಾಡಿ, ಬರೀ ‘ಲಿಫ್ಟ್ ಕೆಟ್ಟಿದೆ’ ಅನ್ನದೆ ಮೂರು ಮಾತು ಹೇಳಿ: ಏಳುತ್ತದೋ ಇಲ್ಲವೋ, ಎದ್ದರೆ ಎಷ್ಟು ಹೊತ್ತು ನಿಲ್ಲುತ್ತದೆ, ಬಿಸಿಯಾದ ಮೇಲೆ ಏನಾಗುತ್ತದೆ. ಬೇಕಾದ ಸಾಮಾನು ಹಿಡಿದುಕೊಂಡೇ ಬರಲು ಅವರಿಗೂ ಅನುಕೂಲ.