ಕುಂಸಿಯಿಂದ ಮೆಗ್ಗಾನ್‌ವರೆಗೆ: ಸಲೈನ್ ಎಲ್ಲಿಗೆ ನಿಲ್ಲಬೇಕು?

ಮಳೆ ಹಿಡಿದ ಮೇಲೆ ಕುಂಸಿ, ಆಯನೂರು, ಆನಂದಪುರದ ಸೀಮೆಯಲ್ಲಿ ಜ್ವರವೆಂದರೆ ಒಂದೇ ಜ್ವರವಲ್ಲ. ಗದ್ದೆಯ ಕೆಸರಿನಲ್ಲಿ ಬರಿಗಾಲಲ್ಲಿ ನಿಂತವರಿಗೆ ಇಲಿಜ್ವರದ ಭಯ, ಪೊದೆ ಸವರಿದವರಿಗೆ ಸ್ಕ್ರಬ್ ಟೈಫಸ್‌ನ ಭಯ. ಇವುಗಳ ಜೊತೆಗೆ ವಯಸ್ಸಾದವರ ನ್ಯುಮೋನಿಯಾ, ಮೂತ್ರದ ಸೋಂಕು, ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣು ವರ್ಷವಿಡೀ ಇದ್ದದ್ದೇ. ಇವುಗಳಲ್ಲಿ ಯಾವುದೇ ಆದರೂ ಕೈಮೀರಿದರೆ ಕೊನೆಗೆ ಬಂದು ಮುಟ್ಟುವ ಜಾಗ ಒಂದೇ: ಮೈಯೆಲ್ಲ ನಂಜೇರಿ ರಕ್ತದೊತ್ತಡ ಕುಸಿಯುವ ಸೆಪ್ಟಿಕ್ ಶಾಕ್. 2016ರಲ್ಲಿ ಜಗತ್ತಿನ ತಜ್ಞರು ಒಪ್ಪಿಕೊಂಡ ವ್ಯಾಖ್ಯೆಯ ಪ್ರಕಾರ ಈ ಹಂತ ತಲುಪಿದವರಲ್ಲಿ ಹತ್ತಕ್ಕೆ ನಾಲ್ವರು ಆಸ್ಪತ್ರೆಯಲ್ಲೇ ಸಾಯುತ್ತಾರೆ. ಸೋಂಕಿನ ನಂಜಿಗೆ 2017ರ ಒಂದೇ ವರ್ಷದಲ್ಲಿ ಜಗತ್ತಿನಾದ್ಯಂತ ಸುಮಾರು 4.9 ಕೋಟಿ ಜನ ತುತ್ತಾದರು, 1.1 ಕೋಟಿ ಜನ ಸತ್ತರು ಎಂಬುದು ಒಪ್ಪಿತವಾಗಿರುವ ಅಂದಾಜು.

ಇಂಥ ರೋಗಿ ಬಂದಾಗ ಮನೆಯವರ ಮೊದಲ ಮಾತು ‘ಗ್ಲೂಕೋಸ್ ಹಾಕಿ ಡಾಕ್ಟ್ರೇ’ ಎಂಬುದು. ಬಹುತೇಕ ಆಸ್ಪತ್ರೆಗಳ ಮೊದಲ ಕೆಲಸವೂ ಡ್ರಿಪ್ ಏರಿಸುವುದೇ. ಅದು ತಪ್ಪಲ್ಲ. ನಂಜಿನಿಂದ ರಕ್ತನಾಳಗಳು ಬಿಗಿ ಕಳೆದುಕೊಂಡು ಹಿಗ್ಗುತ್ತವೆ, ಒಳಗಿನ ದ್ರವ ಹೊರಗೆ ಸೋರುತ್ತದೆ, ಅದನ್ನು ತುಂಬಿಕೊಡಲೇಬೇಕು. ಎಷ್ಟು ತುಂಬಬೇಕು, ಸಾಕು ಎಂದು ತಿಳಿಯುವುದು ಹೇಗೆ ಎಂಬುದೇ ಕಷ್ಟದ ಪ್ರಶ್ನೆ. ವೈದ್ಯರು ‘ಗುರಿ’ ಎನ್ನುವುದು ಇದನ್ನೇ. ಕುಂಸಿಯಿಂದ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಹೆದ್ದಾರಿಯಲ್ಲಿ ಸುಮಾರು 25 ಕಿಲೋಮೀಟರ್. ಆ ದಾರಿಗೂ ಅದರ ಹಿಂದುಮುಂದಿನ ಕೆಲವು ಗಂಟೆಗಳಿಗೂ ಎರಡು ಗುರಿ ಸಾಕೆಂಬುದು ನನ್ನ ವಾದ. ಸರಾಸರಿ ರಕ್ತದೊತ್ತಡ 65ರ ಆಸುಪಾಸಿಗೆ ಬರಬೇಕು. ಒತ್ತಿಬಿಟ್ಟ ಬೆರಳ ತುದಿಗೆ ಮೂರು ಸೆಕೆಂಡಿನೊಳಗೆ ಕೆಂಪು ಮರಳಬೇಕು. ಇವೆರಡನ್ನೂ ಅರ್ಧ ಗಂಟೆಗೊಮ್ಮೆ ನೋಡುವುದು ಸಲೈನ್ ಏರಿಸುವುದಕ್ಕಷ್ಟೇ ಅಲ್ಲ, ಅದನ್ನು ನಿಲ್ಲಿಸುವುದಕ್ಕೂ ಬೇಕು.

ಈ ನಿಲುವಿಗೆ ಬರಲು ವೈದ್ಯಲೋಕಕ್ಕೆ ಎರಡು ದಶಕ ಹಿಡಿಯಿತು. 2001ರಲ್ಲಿ ಅಮೆರಿಕದ ಡೆಟ್ರಾಯಿಟ್‌ನ ಹೆನ್ರಿ ಫೋರ್ಡ್ ಆಸ್ಪತ್ರೆಯಲ್ಲಿ ಇಮ್ಯಾನ್ಯುಯೆಲ್ ರಿವರ್ಸ್ ಮತ್ತು ಸಂಗಡಿಗರು 263 ರೋಗಿಗಳ ಮೇಲೆ ನಡೆಸಿದ ಪ್ರಯೋಗ ದೊಡ್ಡ ಸುದ್ದಿಯಾಯಿತು. ಕುತ್ತಿಗೆಯ ಅಭಿಧಮನಿಗೆ ನಳಿಕೆ ಇಳಿಸಿ, ಅಲ್ಲಿನ ಒತ್ತಡ 8ರಿಂದ 12, ಅಲ್ಲಿನ ರಕ್ತದ ಆಮ್ಲಜನಕ ಶೇ 70, ಸರಾಸರಿ ರಕ್ತದೊತ್ತಡ 65 ಎಂದು ಗುರಿ ಕಟ್ಟಿಕೊಂಡು ಮೊದಲ ಆರು ಗಂಟೆ ದುಡಿದರೆ ಸಾವಿನ ಪ್ರಮಾಣ ಶೇ 46.5ರಿಂದ 30.5ಕ್ಕೆ ಇಳಿಯಿತು ಎಂದು ಅವರು ತೋರಿಸಿದರು. ಜಗತ್ತೇ ಆ ಪಟ್ಟಿಯನ್ನು ನಕಲು ಮಾಡಿತು. 2014 ಮತ್ತು 2015ರಲ್ಲಿ ಪ್ರಕಟವಾದ, ಅಮೆರಿಕ, ಆಸ್ಟ್ರೇಲಿಯಾ, ಇಂಗ್ಲೆಂಡ್‌ಗಳಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ರೋಗಿಗಳ ಮೇಲೆ ನಡೆದ ಮೂರು ದೊಡ್ಡ ಪ್ರಯೋಗಗಳಲ್ಲಿ ಆ ಲಾಭ ಮತ್ತೆ ಕಾಣಿಸಲಿಲ್ಲ. ಹಾಗೆಂದು ರಿವರ್ಸ್ ಅವರ ದುಡಿಮೆ ವ್ಯರ್ಥವಾಗಲಿಲ್ಲ. ರೋಗವನ್ನು ಬೇಗ ಗುರುತಿಸಬೇಕು, ಬೇಗ ಶುರುಮಾಡಬೇಕು ಎಂಬ ಪಾಠ ಅಷ್ಟರಲ್ಲಿ ಎಲ್ಲ ಕಡೆ ಬೇರೂರಿತ್ತು. ಉಳಿಯದೆ ಹೋದದ್ದು ಕುತ್ತಿಗೆಯ ನಳಿಕೆಯ ಲೆಕ್ಕ.

ರಕ್ತದೊತ್ತಡದ ಗುರಿಯನ್ನು ಮಾತ್ರ ಯಾರೂ ಕೈಬಿಟ್ಟಿಲ್ಲ. ಸರಾಸರಿ ಒತ್ತಡ ಲೆಕ್ಕ ಹಾಕಲು ಬಿ.ಪಿ. ಪಟ್ಟಿ, ಪೆನ್ನು ಇದ್ದರೆ ಸಾಕು: ಕೆಳಗಿನ ಅಂಕಿಯನ್ನು ಎರಡರಿಂದ ಗುಣಿಸಿ, ಮೇಲಿನದನ್ನು ಕೂಡಿಸಿ, ಮೂರರಿಂದ ಭಾಗಿಸಬೇಕು. 90/50 ಇದ್ದರೆ ಸರಾಸರಿ 63. ಹಾಗಾದರೆ 65 ಯಾಕೆ, ಇನ್ನೂ ಹೆಚ್ಚಿದ್ದರೆ ಒಳ್ಳೆಯದಲ್ಲವೇ? 2014ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಫ್ರಾನ್ಸ್‌ನಲ್ಲಿ 776 ರೋಗಿಗಳನ್ನು ಎರಡು ಗುಂಪು ಮಾಡಿ ಒಂದಕ್ಕೆ 65–70, ಇನ್ನೊಂದಕ್ಕೆ 80–85 ಗುರಿ ಇಟ್ಟು ನೋಡಿದರು. ಬದುಕುಳಿದವರಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಬರಲಿಲ್ಲ, ಹೆಚ್ಚಿನ ಗುರಿಯವರಲ್ಲಿ ಹೃದಯದ ಲಯ ತಪ್ಪಿದ್ದೇ ಜಾಸ್ತಿ. ಮೊದಲಿಂದ ಬಿ.ಪಿ. ಇದ್ದವರಿಗೆ ಮಾತ್ರ ಹೆಚ್ಚಿನ ಗುರಿಯಿಂದ ಡಯಾಲಿಸಿಸ್ ಕೊಂಚ ತಪ್ಪಿತು. ಅಂಥವರ ವಿಷಯದಲ್ಲಿ ಗುರಿಯನ್ನು ತುಸು ಮೇಲಿಡುವುದಕ್ಕೆ ಕಾರಣವಿದೆ. 2020ರಲ್ಲಿ ಪ್ರಕಟವಾದ, ಬ್ರಿಟನ್‌ನಲ್ಲಿ 65 ವರ್ಷ ದಾಟಿದ ಸುಮಾರು 2,600 ಜನರ ಮೇಲೆ ನಡೆದ ಪ್ರಯೋಗದಲ್ಲಿ 60–65ಕ್ಕೆ ಬಿಟ್ಟರೂ ಕೆಡುಕಾಗಲಿಲ್ಲ. ಅಂಕಿಯನ್ನು ಔಷಧಿ ಸುರಿದು ಮೇಲೆತ್ತಿ ತೋರಿಸುವುದರಿಂದ ರೋಗಿಗೆ ಪ್ರಯೋಜನವಿಲ್ಲ.

ಆದರೆ 65 ಬಂದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಭದ್ರಾ ನಾಲೆಗೆ ನೀರು ಬಿಟ್ಟಿದ್ದಾರೆ ಎಂದ ಮಾತ್ರಕ್ಕೆ ಕೊನೆಭಾಗದ ಗದ್ದೆಗೆ ನೀರು ಮುಟ್ಟಿತೆಂದು ಯಾವ ರೈತನೂ ನಂಬುವುದಿಲ್ಲ, ಹೋಗಿ ನೋಡಿಯೇ ನಂಬುತ್ತಾನೆ. ಮೈಯಲ್ಲಿ ಆ ಕೊನೆಭಾಗ ಬೆರಳ ತುದಿ. 2019ರಲ್ಲಿ ಪ್ರಕಟವಾದ ಆಂಡ್ರೊಮಿಡಾ-ಶಾಕ್ ಪ್ರಯೋಗ ಇದನ್ನೇ ಪರೀಕ್ಷೆಗೊಡ್ಡಿತು. ಚಿಲಿ, ಅರ್ಜೆಂಟೀನಾ ಸೇರಿ ಲ್ಯಾಟಿನ್ ಅಮೆರಿಕದ ಐದು ದೇಶಗಳ 28 ಐಸಿಯುಗಳಲ್ಲಿ 424 ರೋಗಿಗಳು. ಅರ್ಧ ಜನರಿಗೆ ಎರಡು ಗಂಟೆಗೊಮ್ಮೆ ರಕ್ತದ ಲ್ಯಾಕ್ಟೇಟ್ (ಅಂಗಗಳಿಗೆ ರಕ್ತ ಸಾಲದಾಗ ಏರುವ ಆಮ್ಲಾಂಶ) ನೋಡಿ ಚಿಕಿತ್ಸೆ, ಇನ್ನರ್ಧ ಜನರಿಗೆ ಅರ್ಧ ಗಂಟೆಗೊಮ್ಮೆ ಬೆರಳು ನೋಡಿ ಚಿಕಿತ್ಸೆ. ಬಲಗೈ ತೋರುಬೆರಳಿನ ಒಳಮೈಯನ್ನು ಗಾಜಿನ ಸ್ಲೈಡಿನಿಂದ ಬಿಳಿಚುವಷ್ಟು ಒತ್ತಿ, ಹತ್ತು ಸೆಕೆಂಡ್ ಹಾಗೇ ಹಿಡಿದು, ಬಿಟ್ಟ ಕೂಡಲೇ ಗಡಿಯಾರ ನೋಡಿಕೊಂಡು ಬಣ್ಣ ಮರಳುವುದನ್ನು ಎಣಿಸಬೇಕು. ಮೂರು ಸೆಕೆಂಡ್ ದಾಟಿದರೆ ಕೊನೆಭಾಗಕ್ಕೆ ರಕ್ತ ಸರಿಯಾಗಿ ಮುಟ್ಟುತ್ತಿಲ್ಲ. 28 ದಿನಗಳಲ್ಲಿ ಲ್ಯಾಕ್ಟೇಟ್ ಗುಂಪಿನ ಶೇ 43.4 ಮಂದಿ, ಬೆರಳ ಗುಂಪಿನ ಶೇ 34.9 ಮಂದಿ ತೀರಿಕೊಂಡರು. ಈ ಅಂತರ ಆಕಸ್ಮಿಕವೇ ಇರಬಹುದೆಂಬ ಅನುಮಾನ ಪೂರ್ತಿ ಕಳೆಯುವಷ್ಟು ಗಟ್ಟಿಯಾಗಿರಲಿಲ್ಲ, ನಿಜ. ಬೆರಳು ನೋಡಿ ನಡೆದವರು ಮೊದಲ ಎಂಟು ಗಂಟೆಯಲ್ಲಿ ಸುಮಾರು 400 ಮಿ.ಲೀ. ಕಡಿಮೆ ಸಲೈನ್ ಕೊಟ್ಟರು, ಅದರಿಂದ ಯಾರಿಗೂ ನಷ್ಟವಾಗಲಿಲ್ಲ ಎಂಬುದೂ ಅಷ್ಟೇ ನಿಜ.

2025ರಲ್ಲಿ ಬಂದ ಎರಡನೇ ಆಂಡ್ರೊಮಿಡಾ ಪ್ರಯೋಗ 19 ದೇಶಗಳ 1,400ಕ್ಕೂ ಹೆಚ್ಚು ರೋಗಿಗಳನ್ನು ಒಳಗೊಂಡಿತ್ತು. ಬೆರಳು ನೋಡಿ ಚಿಕಿತ್ಸೆ ಪಡೆದವರು, ಎಂದಿನ ಆರೈಕೆ ಪಡೆದವರು ಎಂಬ ಎರಡೂ ಗುಂಪು ಸಾವಿನಲ್ಲಿ ಸಮ. ಆದರೆ ಬೆರಳು ನೋಡಿ ಚಿಕಿತ್ಸೆ ಪಡೆದವರು ವೆಂಟಿಲೇಟರ್, ಬಿ.ಪಿ. ಏರಿಸುವ ಔಷಧ, ಡಯಾಲಿಸಿಸ್‌ಗಳಿಂದ ಬೇಗ ಬಿಡುಗಡೆಯಾದರು. ಮಲೆನಾಡಿನ ಸಣ್ಣ ಆಸ್ಪತ್ರೆಗೆ ಹೆಚ್ಚು ಉಪಯೋಗದ ಭಾಗ ಆ ಪ್ರಯೋಗದ ಮೊದಲ ಮೆಟ್ಟಿಲಿನಲ್ಲಿದೆ. ಬೆರಳ ಬಣ್ಣ ತಡವಾಗಿ ಮರಳಿದಾಗ ಅವರು ನೋಡಿದ್ದು ಅದೇ ಬಿ.ಪಿ.ಯ ಎರಡು ಅಂಕಿಗಳನ್ನು. ಮೇಲಿನದಕ್ಕೂ ಕೆಳಗಿನದಕ್ಕೂ 40ಕ್ಕಿಂತ ಕಡಿಮೆ ಅಂತರವಿದ್ದರೆ ದ್ರವ ಬೇಕೇ ಎಂದು ಪರೀಕ್ಷಿಸುವುದು. ಅಂತರ ಸಾಕಷ್ಟಿದ್ದು ಕೆಳಗಿನ ಅಂಕಿ 50ಕ್ಕಿಂತ ಇಳಿದಿದ್ದರೆ ರಕ್ತನಾಳದ ಬಿಗಿ ಹೋಗಿದೆ ಎಂದು ತಿಳಿದು ಆ ಬಿಗಿಯನ್ನು ಮರಳಿಸುವ ಔಷಧ ನಾರ್‌ಅಡ್ರಿನಲಿನ್ ಹೆಚ್ಚಿಸುವುದು. 88/40 ಇರುವ ರೋಗಿಗೂ 88/62 ಇರುವ ರೋಗಿಗೂ ‘ಬಿ.ಪಿ. ಲೋ’ ಎಂದು ಒಂದೇ ಚೀಟಿ ಬರೆದು ಒಂದೇ ಬಾಟಲಿ ಏರಿಸುವ ಅಭ್ಯಾಸಕ್ಕೆ ಇದು ನೇರ ಉತ್ತರ.

ಬಾಟಲಿಯ ವಿಷಯದಲ್ಲಿ ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಆಫ್ರಿಕಾದ ಎರಡು ಅನುಭವಗಳು. 2011ರಲ್ಲಿ ಪ್ರಕಟವಾದ, ಕೆನ್ಯಾ, ಉಗಾಂಡಾ, ಟಾಂಜಾನಿಯಾಗಳಲ್ಲಿ ತೀವ್ರ ಸೋಂಕಿನಿಂದ ಸೊರಗಿದ 3,141 ಮಕ್ಕಳ ಪ್ರಯೋಗದಲ್ಲಿ ವೇಗವಾಗಿ ದ್ರವ ಕೊಟ್ಟ ಗುಂಪುಗಳಲ್ಲೇ ಹೆಚ್ಚು ಮಕ್ಕಳು ಸತ್ತರು. 2017ರಲ್ಲಿ ಪ್ರಕಟವಾದ ಜಾಂಬಿಯಾದ ಲುಸಾಕಾ ಆಸ್ಪತ್ರೆಯ ಪ್ರಯೋಗದಲ್ಲಿ ಪಟ್ಟಿ ಹಿಡಿದು ಹೆಚ್ಚು ಸಲೈನ್ ಪಡೆದ ವಯಸ್ಕರಲ್ಲಿ ಶೇ 48, ಎಂದಿನ ಆರೈಕೆ ಪಡೆದವರಲ್ಲಿ ಶೇ 33 ಮಂದಿ ತೀರಿಕೊಂಡರು. ಆ ಮಕ್ಕಳಲ್ಲಿ ಅನೇಕರಿಗೆ ಮಲೇರಿಯಾ ಇತ್ತು, ಆ ವಯಸ್ಕರಲ್ಲಿ ಹೆಚ್ಚಿನವರಿಗೆ ಎಚ್‌ಐವಿ ಇತ್ತು. ನಮ್ಮ ರೋಗಿಗಳು ಅವರಂತೆಯೇ ಎಂದು ನಾನು ಹೇಳುತ್ತಿಲ್ಲ. ಆದರೆ ಶ್ವಾಸಕೋಶದಲ್ಲಿ ನೀರು ತುಂಬಿದರೆ ಹಿಡಿದೆತ್ತಲು ಪಕ್ಕದಲ್ಲೇ ವೆಂಟಿಲೇಟರ್ ಇರುವ ಕಡೆ ಎರಡು ಬಾಟಲಿ ಹೆಚ್ಚು ಹೋದರೂ ರೋಗಿ ದಡ ಮುಟ್ಟಬಹುದು, ಇಲ್ಲದ ಕಡೆ ಮುಟ್ಟಲಾರ. ಸೋಂಕಿನ ನಂಜಿಗೆ ದೇಹದ ತೂಕದ ಕಿಲೋಗೆ 30 ಮಿ.ಲೀ. ದ್ರವ ಎಂಬ ಸಲಹೆ 2021ರ ಅಂತರರಾಷ್ಟ್ರೀಯ ಮಾರ್ಗಸೂಚಿಯಲ್ಲೂ ಇದೆ. 50 ಕಿಲೋ ತೂಕದ ಕೂಲಿ ಹೆಣ್ಣುಮಗಳಿಗೆ ಅದು ಅರ್ಧ ಲೀಟರಿನ ಮೂರು ಬಾಟಲಿ. ಅದೇ ಮಾರ್ಗಸೂಚಿ ಈ ಸಲಹೆಯನ್ನು ‘ದುರ್ಬಲ’ ವರ್ಗಕ್ಕೆ ಸೇರಿಸಿದೆ. ಮೂರೂ ಬಾಟಲಿಯನ್ನು ಒಂದೇ ಉಸಿರಿಗೆ ಬರೆಯುವ ಬದಲು ಒಂದು ಮುಗಿದ ಮೇಲೆ ಬೆರಳು ನೋಡಿ, ಎದೆಗೆ ಸ್ಟೆತಸ್ಕೋಪ್ ಇಟ್ಟು, ಆಮೇಲೆ ಇನ್ನೊಂದನ್ನು ನಿರ್ಧರಿಸುವುದೇ ವಿವೇಕ.

ಬೆರಳು ಒತ್ತಿ ನೋಡುವುದು ಕಣ್ಣಂದಾಜಿನ ಕೆಲಸ, ಒಬ್ಬರು ಮೂರು ಎಂದರೆ ಇನ್ನೊಬ್ಬರು ಐದು ಎನ್ನುತ್ತಾರೆ ಎಂಬುದು ಮೊದಲ ಆಕ್ಷೇಪ. ಅದರಲ್ಲಿ ಹುರುಳಿದೆ. ಮಳೆಯಲ್ಲಿ ನೆನೆದು ಬಂದವರ ಬೆರಳು ತಣ್ಣಗಿರುತ್ತದೆ, ಬೆಳಕು ಸಾಲದಿದ್ದರೆ ಬಣ್ಣ ತಿಳಿಯದು. ಆದ್ದರಿಂದಲೇ ಅಳತೆಗೊಂದು ಶಿಸ್ತು ಬೇಕು: ಕೈ ಒರೆಸಿ ಬೆಚ್ಚಗೆ ಮಾಡಬೇಕು, ಒಂದೇ ಬೆರಳು, ಒಂದೇ ಒತ್ತಡ, ಮುಳ್ಳಿರುವ ಗಡಿಯಾರ. ಕಪ್ಪು ಮೈಬಣ್ಣದವರಲ್ಲೂ ಬೆರಳಿನ ಒಳಮೈ ತಿಳಿಯಾಗಿರುವುದರಿಂದ ಅಲ್ಲೇ ನೋಡಬೇಕು. ಲ್ಯಾಕ್ಟೇಟ್ ಯಂತ್ರದ ಅಂಕಿ, ಅದರಲ್ಲಿ ಅಂದಾಜಿಲ್ಲ ಎನ್ನುವವರು ಒಂದನ್ನು ಮರೆಯುತ್ತಾರೆ. ರಕ್ತ ಸಂಚಾರ ಸರಿಹೋದ ಎಷ್ಟೋ ಹೊತ್ತಿನವರೆಗೂ ಲ್ಯಾಕ್ಟೇಟ್ ಇಳಿಯದೆ ಉಳಿಯಬಹುದು. ಯಕೃತ್ತು ಕೆಟ್ಟವರಲ್ಲಿ, ಅಡ್ರಿನಲಿನ್ ಪಡೆದವರಲ್ಲಿ ಅದು ಬೇರೆ ಕಾರಣಕ್ಕೇ ಏರಿರುತ್ತದೆ. ಅದನ್ನೇ ಬೆನ್ನಟ್ಟಿದರೆ ಬೇಡದ ಸಲೈನ್ ಹೋಗುತ್ತದೆ. ಯಂತ್ರ ಇರುವ ಕಡೆ ಲ್ಯಾಕ್ಟೇಟ್ ನೋಡಲಿ, ರೋಗ ಎಷ್ಟು ಗಂಭೀರ ಎಂದು ಅದು ಹೇಳುತ್ತದೆ. ಮುಂದಿನ ಬಾಟಲಿಯನ್ನು ನಿರ್ಧರಿಸುವ ಅಧಿಕಾರ ಅದಕ್ಕೆ ಬೇಡ.

ಎರಡನೇ ಆಕ್ಷೇಪ ಇನ್ನೂ ಗಟ್ಟಿ. ಬೆರಳು ನೋಡುವ ಈ ಪ್ರಯೋಗಗಳೆಲ್ಲ ಐಸಿಯುಗಳಲ್ಲಿ ನಡೆದವು, ಹೋಬಳಿ ಆಸ್ಪತ್ರೆಯಲ್ಲಲ್ಲ. ಜಾಂಬಿಯಾದ ಪಾಠವೇ ಒಂದು ಕಡೆಯ ಪಟ್ಟಿಯನ್ನು ಇನ್ನೊಂದು ಕಡೆ ಹೇರಬಾರದೆಂದಲ್ಲವೇ? ಹೌದು. ಆದರೆ ಜಾಂಬಿಯಾದಲ್ಲಿ ಹೇರಿದ್ದು ಹೆಚ್ಚು ಕೊಡುವ ಪಟ್ಟಿ. ನಾನು ಕೇಳುತ್ತಿರುವುದು ನೋಡಿ ಕೊಡುವ, ನೋಡಿ ನಿಲ್ಲಿಸುವ ಅಭ್ಯಾಸ. ಅದರಿಂದ ಆಗುವ ಕೇಡು ಕಡಿಮೆ. ಇದು ಬಡವರಿಗೊಂದು ಅಗ್ಗದ ವೈದ್ಯ ಎಂಬ ಮಾತಿಗೂ ಹುರುಳಿಲ್ಲ, ಯಾಕೆಂದರೆ ಇದು ಪರೀಕ್ಷೆಗೊಳಗಾಗಿ ಗೆದ್ದದ್ದು ಸುಸಜ್ಜಿತ ಐಸಿಯುಗಳಲ್ಲೇ.

ಗುರಿಗಿಂತ ಆಂಟಿಬಯಾಟಿಕ್ ಮುಖ್ಯ ಎನ್ನುವವರಿಗೆ ನನ್ನ ತಕರಾರಿಲ್ಲ. ಶಾಕ್ ಗುರುತಾದ ಒಂದು ಗಂಟೆಯೊಳಗೆ ಅದು ಮೈಗೆ ಸೇರಬೇಕೆಂದು ಮಾರ್ಗಸೂಚಿಯೇ ಹೇಳುತ್ತದೆ. ಮಲೆನಾಡಿನಲ್ಲಿ ಸ್ಕ್ರಬ್ ಟೈಫಸ್ ಅನುಮಾನವಿದ್ದರೆ ಡಾಕ್ಸಿಸೈಕ್ಲಿನ್ ಮರೆಯುವಂತಿಲ್ಲ. ದೊಡ್ಡ ದೊಡ್ಡ ಇಂಜೆಕ್ಷನ್‌ಗಳು ಆ ರೋಗಾಣುವಿನ ಮುಂದೆ ನಡೆಯವು. ನಾರ್‌ಅಡ್ರಿನಲಿನ್ ಶುರುಮಾಡಲು ಕುತ್ತಿಗೆಯ ನಳಿಕೆಗೆ ಕಾಯಬೇಕಿಲ್ಲ, ಸದ್ಯಕ್ಕೆ ಕೈಯ ರಕ್ತನಾಳದಲ್ಲೇ ನಡೆಯುತ್ತದೆ ಎಂದೂ 2021ರ ಮಾರ್ಗಸೂಚಿ ಒಪ್ಪಿದೆ. ಗುರಿ ನೋಡಿ ಸಲೈನ್, ಆಂಟಿಬಯಾಟಿಕ್, ಬಿ.ಪಿ. ಏರಿಸುವ ಔಷಧ: ಈ ಮೂರೂ ಕೆಲಸ ಜೊತೆಯಲ್ಲೇ ನಡೆಯುವಂಥವು.

ಆಗಬೇಕಾದದ್ದು ದೊಡ್ಡ ಖರ್ಚಿನ ಕೆಲಸವಲ್ಲ. ಕುಂಸಿಯಿಂದಾಗಲಿ ಭದ್ರಾವತಿಯಿಂದಾಗಲಿ ರೋಗಿಯನ್ನು ಮೆಗ್ಗಾನ್‌ಗೆ ಕಳಿಸುವ ರೆಫರಲ್ ಚೀಟಿಯಲ್ಲಿ ನಾಲ್ಕು ಸಾಲಿಗೆ ಜಾಗವಿರಲಿ: ಆಂಟಿಬಯಾಟಿಕ್ ಕೊಟ್ಟ ಹೊತ್ತು, ಒಟ್ಟು ಏರಿಸಿದ ಸಲೈನ್, ಬಿ.ಪಿ.ಯ ಎರಡೂ ಅಂಕಿ, ಬೆರಳ ಬಣ್ಣ ಮರಳಿದ ಸೆಕೆಂಡು. 108 ಆಂಬುಲೆನ್ಸಿನಲ್ಲಿ ಅರ್ಧ ಗಂಟೆಗೊಮ್ಮೆ ಕೊನೆಯ ಎರಡು ಸಾಲು ಮತ್ತೆ ತುಂಬಲಿ. ಜನರು ಮಾಡಬೇಕಾದದ್ದೂ ಒಂದಿದೆ. ಜ್ವರದ ಜೊತೆ ಏದುಸಿರು, ಮಾತು ತಡವರಿಕೆ, ಮೂತ್ರ ಕಡಿಮೆ, ಕೈಕಾಲು ತಣ್ಣಗೆ ಕಂಡರೆ ಕ್ಲಿನಿಕ್ಕಿನಲ್ಲಿ ಒಂದು ಗ್ಲೂಕೋಸ್ ಹಾಕಿಸಿ ಮನೆಗೆ ಕರೆದೊಯ್ದು ಮಲಗಿಸಬೇಡಿ. ಆಗಲೇ 108ಕ್ಕೆ ಕರೆ ಮಾಡಿ, ದೊಡ್ಡ ಆಸ್ಪತ್ರೆಗೆ ಹೊರಡಿ.