ಹೊನ್ನಿನ ಪೆನ್ನಿನ ನಾಲಗೆ

2009ರಲ್ಲಿ ಜರ್ಮನಿಯ ಮಾಂಟ್‌ಬ್ಲಾಂಕ್ ಸಂಸ್ಥೆಯು ಗಾಂಧೀಜಿಯವರ ಹೆಸರಿನಲ್ಲಿ ಬಿಳಿಚಿನ್ನದ ಫೌಂಟನ್ ಪೆನ್ನೊಂದನ್ನು ಹೊರತಂದಿತು. ದಂಡಿಯಾತ್ರೆಯ 241 ಮೈಲಿಗಳ ನೆನಪಿಗೆ 241 ಪೆನ್ನುಗಳು ಮಾತ್ರ. ಒಂದೊಂದರ ಬೆಲೆ 11 ಲಕ್ಷ ರೂಪಾಯಿಗೂ ಮಿಕ್ಕದ್ದು. ಸರಳ ಜೀವಿಗೆ ಇಂಥ ಸ್ಮಾರಕವೇ ಎಂದು ಹಲವರು ಆಕ್ಷೇಪಿಸಿದುದು ಸಹಜವೇ. ನಮ್ಮ ಕುತೂಹಲ ಬೇರೆ: ಇಷ್ಟು ಬೆಲೆಯ ಪೆನ್ನಿನಲ್ಲಿ ಶಾಯಿ ಹರಿಯುವ ಬಗೆಯೂ ಬೇರೆಯೇ?

ಇಲ್ಲ. ಯಾವುದೇ ಫೌಂಟನ್ ಪೆನ್ನಿನ ನಿಬ್ಬಿನಡಿಯ ನಾಲಗೆಯನ್ನು ನೋಡಿರಿ. ಅದರಲ್ಲಿ ಕೂದಲೆಳೆಯಂಥ ಸೀಳುಗಳಿವೆ. ದೀಪದ ಬತ್ತಿ ಎಣ್ಣೆಯನ್ನು ಸೆಳೆಯುವಂತೆ ಅವು ಶಾಯಿಯನ್ನು ಸೆಳೆದು ನಿಬ್ಬಿಗೆ ಒಪ್ಪಿಸುತ್ತವೆ. ಅಲ್ಲಿಂದ ಕಾಗದದ ನಾರು ಅದನ್ನು ಹೀರಿಕೊಳ್ಳುತ್ತದೆ. ಇದೇ ಲೋಮನಾಳಾಕರ್ಷಣೆ.

ಆದರೆ ಹೊರಹೋದ ಶಾಯಿಯ ಜಾಗಕ್ಕೆ ಗಾಳಿ ಬರಬೇಡವೇ? ಬಾರದಿದ್ದರೆ ಒಳಗಿನ ಒತ್ತಡ ತಗ್ಗಿ ಶಾಯಿ ನಿಂತೇಹೋಗುತ್ತದೆ. ಮಿತಿಮೀರಿ ಬಂದರೆ ಕಾಗದದ ಮೇಲೆ ಕೆರೆ! 1884ರಲ್ಲಿ ಅಮೆರಿಕದ ಲೂಯಿಸ್ ವಾಟರ್‌ಮನ್ ಪೇಟೆಂಟ್ ಪಡೆದ ನಾಲಗೆಯು ಈ ಕೊಡುಕೊಳೆಯನ್ನು ಹದಕ್ಕೆ ತಂದಿತು. ಅಂಗೈಯ ಬಿಸಿಗೆ ಒಳಗಿನ ಗಾಳಿ ಹಿಗ್ಗಿ ಶಾಯಿಯನ್ನು ತಳ್ಳುವುದೂ ಉಂಟು. ಶಾಯಿ ತೀರುತ್ತ ಬಂದ ಪೆನ್ನು ಹೆಚ್ಚು ಕಕ್ಕುವುದು ಒಳಗೆ ಗಾಳಿ ಹೆಚ್ಚಿರುವುದರಿಂದಲೇ. ಇಂದಿನ ನಾಲಗೆಗಳಲ್ಲಿ ಬಾಚಣಿಗೆಯ ಹಲ್ಲುಗಳಂಥ ಗೆರೆಗಳು ಆ ಹೆಚ್ಚುವರಿಯನ್ನು ಹಿಡಿದಿಟ್ಟುಕೊಳ್ಳುತ್ತವೆ.

ಚಿನ್ನದ ನಿಬ್ಬಿಗೆ ತುಕ್ಕು ಹಿಡಿಯದು, ನಿಜ. ಆದರೆ ಕಾಗದವನ್ನು ಮುಟ್ಟುವುದು ಚಿನ್ನವಲ್ಲ. ಅದರ ತುದಿಗೆ ಬೆಸೆದ ಗಟ್ಟಿ ಮಿಶ್ರಲೋಹದ ಪುಟ್ಟ ಮಣಿ.