ಊರಿನ ನಾಡಿ ಹಿಡಿಯುವ ಸಮೀಕ್ಷೆ

ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದರಂತೆ ಎಂಬ ಗಾದೆ ಆರೋಗ್ಯ ಯೋಜನೆಗಳಿಗೂ ಒಪ್ಪುತ್ತದೆ. ಜನರನ್ನು ಕಾಡುವ ಕಾಯಿಲೆ ಯಾವುದೆಂದು ತಿಳಿಯುವ ಮೊದಲೇ ಕಟ್ಟಡ ಏಳುತ್ತದೆ, ಔಷಧಿ ಬರುತ್ತದೆ. ರೋಗಿಗಳು ಮಾತ್ರ ಬರುವುದಿಲ್ಲ. ಇದನ್ನು ತಪ್ಪಿಸುವ ವಿಧಾನವೇ ಸಮುದಾಯದ ಆರೋಗ್ಯ ಅಗತ್ಯಗಳ ಸಮೀಕ್ಷೆ. ವೈದ್ಯರು ರೋಗಿಯ ನಾಡಿ ಹಿಡಿದಂತೆ ಇಲ್ಲಿ ಇಡೀ ಊರಿನ ನಾಡಿ ಹಿಡಿಯಲಾಗುತ್ತದೆ.

ಮಹಾರಾಷ್ಟ್ರದ ಗಡಚಿರೋಲಿ ಜಿಲ್ಲೆ ಇದಕ್ಕೆ ಒಳ್ಳೆಯ ನಿದರ್ಶನ. ಕಾಡು ಮತ್ತು ಬುಡಕಟ್ಟು ಜನರ ಈ ನಾಡಿಗೆ ವೈದ್ಯ ದಂಪತಿ ಅಭಯ್ ಬಂಗ್ ಮತ್ತು ರಾಣಿ ಬಂಗ್ 1986ರಲ್ಲಿ ಬಂದರು. ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಸಾರ್ವಜನಿಕ ಆರೋಗ್ಯ ಓದಿ ಬಂದಿದ್ದ ಅವರು ಇಲ್ಲಿ ‘ಸರ್ಚ್’ ಸಂಸ್ಥೆಯ ಕೆಲಸ ಆರಂಭಿಸಿದರು.

ಮೊದಲು ಅವರ ಗಮನ ಸೆಳೆದದ್ದು ಸಿಕಲ್ ಸೆಲ್ ಕಾಯಿಲೆ. ರಕ್ತದ ಕೆಂಪು ಕಣಗಳು ಕುಡುಗೋಲಿನಂತೆ ಬಾಗುವ ಈ ರೋಗ ವಂಶಪಾರಂಪರ್ಯವಾಗಿ ಬರುತ್ತದೆ. ಪರೀಕ್ಷೆಯಲ್ಲಿ ಅದು ಪತ್ತೆಯೂ ಆಯಿತು. ಆದರೆ ಜನರು ಅದನ್ನು ತಮ್ಮ ತೊಂದರೆಯೆಂದು ಭಾವಿಸಿಯೇ ಇರಲಿಲ್ಲ. ಸಂಶೋಧಕರ ಕುತೂಹಲ ಬೇರೆ, ಜನರ ಅಗತ್ಯ ಬೇರೆ ಎಂಬುದು ಆಗ ಮನವರಿಕೆಯಾಯಿತು.

ಹಾಗಾಗಿ ಸಮೀಕ್ಷೆಯ ಮೊದಲ ಪಾಠ, ಕೇಳುವುದು. ಆಸ್ಪತ್ರೆ ಹೇಗಿರಬೇಕೆಂದು ಬುಡಕಟ್ಟು ಜನರನ್ನೇ ಕೇಳಲಾಯಿತು. ದೊಡ್ಡ ಕಟ್ಟಡ, ಬಿಳಿ ಕೋಟು ಅವರಿಗೆ ಭಯ ಹುಟ್ಟಿಸುತ್ತಿದ್ದವು. ರೋಗಿಯ ಜೊತೆ ಮನೆಯವರೂ ಇರಬೇಕಿತ್ತು. ಆದ್ದರಿಂದ ಆಸ್ಪತ್ರೆ ಗುಡಿಸಲುಗಳ ಹಳ್ಳಿಯಂತೆ ರೂಪುಗೊಂಡಿತು. ಅವರ ದೇವತೆ ದಂತೇಶ್ವರಿಯ ಹೆಸರೇ ಅದಕ್ಕೂ ಬಂತು.

ಕೇಳಿದರಷ್ಟೇ ಸಾಲದು. ಹೇಳಿಕೊಳ್ಳಲಾಗದ ನೋವುಗಳೂ ಇರುತ್ತವೆ. ಎರಡು ಹಳ್ಳಿಗಳ 650 ಮಹಿಳೆಯರನ್ನು ಪರೀಕ್ಷಿಸಿದ ವರದಿ 1989ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ತೊಂದರೆ ಇದೆಯೆಂದು ಹೇಳಿದವರು ಶೇ 55 ಮಂದಿ. ಸ್ತ್ರೀರೋಗ ಕಂಡುಬಂದದ್ದು ಶೇ 92 ಮಂದಿಯಲ್ಲಿ! ಹಿಂದೆ ಎಂದಾದರೂ ಇಂಥ ತಪಾಸಣೆಗೆ ಒಳಗಾಗಿದ್ದವರು ಶೇ 8 ಮಾತ್ರ. ಹೆರಿಗೆ ಮತ್ತು ಕುಟುಂಬ ಯೋಜನೆಯೇ ಮಹಿಳೆಯರ ಆರೋಗ್ಯ ಎಂಬ ನಂಬಿಕೆಯನ್ನು ಈ ಅಂಕಿಗಳು ಅಲುಗಾಡಿಸಿದವು.

ಮೂರನೆಯದು ಎಣಿಕೆ. ಹಳ್ಳಿಗಳಲ್ಲಿ ಹುಟ್ಟಿ ಕೆಲವೇ ದಿನಗಳಲ್ಲಿ ಸಾಯುವ ಶಿಶುಗಳು ಹಲವು ವೇಳೆ ಸರ್ಕಾರಿ ಲೆಕ್ಕಕ್ಕೇ ಸಿಗುವುದಿಲ್ಲ. ಸರ್ಚ್ 39 ಹಳ್ಳಿಗಳಲ್ಲಿ ಪ್ರತಿ ಜನನ, ಮರಣವನ್ನೂ ದಾಖಲಿಸಿತು. 1993–95ರಲ್ಲಿ ಪ್ರತಿ ಸಾವಿರ ಜನನಕ್ಕೆ 62 ನವಜಾತ ಶಿಶುಗಳು ಸಾಯುತ್ತಿದ್ದವು. ಮನೆಮನೆಗೆ ಹೋಗಿ ಗಮನಿಸಿದಾಗ ಅರ್ಧಕ್ಕಿಂತ ಹೆಚ್ಚು ಹಸುಗೂಸುಗಳಿಗೆ ಚಿಕಿತ್ಸೆಯ ಅಗತ್ಯ ಕಂಡಿತು. ವೈದ್ಯರ ಕೈಗೆ ಸಿಕ್ಕಿದ್ದು ಶೇ 2.6 ಮಾತ್ರ.

ಬಾಣಂತಿಯೂ ಕೂಸೂ ಮನೆ ಬಿಟ್ಟು ಹೊರಡುವುದಿಲ್ಲವೆಂದರೆ ಚಿಕಿತ್ಸೆಯೇ ಮನೆಗೆ ಹೋಗಬೇಕು. ಅಕ್ಷರ ಬಲ್ಲ ಹಳ್ಳಿಯ ಮಹಿಳೆಯರಿಗೆ ಮಗುವನ್ನು ತೂಗಲು, ಬೆಚ್ಚಗಿಡಲು, ನಂಜು ಗುರುತಿಸಿ ಔಷಧಿ ಕೊಡಲು ತರಬೇತಿ ನೀಡಲಾಯಿತು. ಮತ್ತೆ ಎಣಿಸಿದಾಗ 1997–98ರ ಹೊತ್ತಿಗೆ ಸಾವಿನ ಪ್ರಮಾಣ ಸಾವಿರಕ್ಕೆ ಸುಮಾರು 25ಕ್ಕೆ ಇಳಿದಿತ್ತು. ಮೊದಲ ಲೆಕ್ಕವಿಲ್ಲದಿದ್ದರೆ ಈ ಇಳಿಕೆ ಯಾರಿಗೂ ತಿಳಿಯುತ್ತಿರಲಿಲ್ಲ.

ಯಾವ ಊರಿನಲ್ಲಾದರೂ ಸಮೀಕ್ಷೆಯ ಕ್ರಮ ಇದೇ: ಮೊದಲು ಪ್ರದೇಶವನ್ನೂ ಮನೆಗಳನ್ನೂ ಗುರುತಿಸುವುದು, ಇರುವ ದಾಖಲೆ ನೋಡುವುದು, ಜನರ ಮಾತು ಕೇಳುವುದು, ಪರೀಕ್ಷಿಸಿ ಎಣಿಸುವುದು. ಸಿಕ್ಕಿದ ವಿವರವನ್ನು ಊರವರ ಮುಂದಿಟ್ಟು ಯಾವುದು ಮೊದಲೆಂದು ಅವರೊಂದಿಗೇ ತೀರ್ಮಾನಿಸಬೇಕು. ಕೆಲಸವಾದ ಮೇಲೆ ಮತ್ತೆ ಅಳೆಯಬೇಕು. ಬಡವರು, ಊರಾಚೆಯ ಕೇರಿಯವರು, ಹೆಂಗಸರು ಸಭೆಗೆ ಬಾರದಿದ್ದರೆ ಸಮೀಕ್ಷಕರೇ ಅವರ ಬಳಿ ಹೋಗಬೇಕು. ಇಲ್ಲದಿದ್ದರೆ ದನಿ ದೊಡ್ಡದಿದ್ದವರ ಅಗತ್ಯವೇ ಊರಿನ ಅಗತ್ಯವಾಗಿಬಿಡುತ್ತದೆ.

ಗಡಚಿರೋಲಿಯ ಪಾಠ ಅಲ್ಲಿಗೇ ನಿಲ್ಲಲಿಲ್ಲ. ಮನೆಯಲ್ಲೇ ನವಜಾತ ಶಿಶುವಿನ ಆರೈಕೆಯನ್ನು ಕೇಂದ್ರ ಸರ್ಕಾರ 2011ರಲ್ಲಿ ಆಶಾ ಕಾರ್ಯಕರ್ತೆಯರ ಕೆಲಸಕ್ಕೆ ಸೇರಿಸಿತು. ಹೆರಿಗೆ ಮುಗಿಸಿ ಬಂದ ತಾಯಿಯ ಮನೆಗೆ ಆಶಾ 42 ದಿನಗಳಲ್ಲಿ ಹಲವು ಬಾರಿ ಭೇಟಿ ಕೊಡಬೇಕು. ಕರ್ನಾಟಕದ ಹಳ್ಳಿಗಳಲ್ಲೂ ತಕ್ಕಡಿ ಹಿಡಿದು ಬರುವ ಆಕೆಯ ಹಿಂದೆ, ಆ 39 ಹಳ್ಳಿಗಳಲ್ಲಿ ಒಂದೊಂದೇ ಕೂಸನ್ನು ಎಣಿಸಿದ ಶ್ರಮವಿದೆ.